ಹಗ್ಗ ಹಿಡಿದು ನಿಂತವಳು

ಲಗಮಣ್ಣ ಹಗೇವಿಗೆ ಇಳಿದಿದ್ದಾನೆ. ಅವನು ಮೇಲೆ ಬರುವಷ್ಟರಲ್ಲಿ ನಾನು ಇದನ್ನು ಹೇಳಿ ಮುಗಿಸಬೇಕು. ಆಮೇಲೆ ಹೇಳು ಅಂದರೂ ನನಗೆ ಹೇಳಲು ಬರುವುದಿಲ್ಲ. ನಡುವೆ ಬಾಯಿ ಹಾಕಬೇಡಿ. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಆ ಸಿಟ್ಟಿನಿಂದಲೇ ಇಷ್ಟೆಲ್ಲ ಆದದ್ದು.

ನಾನು ದುಂಡವ್ವ, ಮೂಡಣ ಬೀದಿಯ ಗಳಿಗೆಯವಳು. ನಮ್ಮ ಊರಿಗೆ ನಾಲ್ಕು ಬೀದಿ. ಒಂದೊಂದು ಬೀದಿಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಅಲುಗಾಡುತ್ತಾರೆ. ಉಳಿದವರು ಎಲ್ಲಿದ್ದರೋ ಅಲ್ಲೇ, ಹೇಗಿದ್ದರೋ ಹಾಗೇ ನಿಂತಿರುತ್ತಾರೆ. ಎತ್ತಿದ ತುತ್ತು ಎತ್ತಿದಂತೆ, ತೆರೆದ ಬಾಯಿ ತೆರೆದಂತೆ. ಬೀದಿಯ ತಲೆಯಲ್ಲಿ ನನ್ನ ಕಟ್ಟೆ. ಕಟ್ಟೆಯ ಮೇಲೆ ನೀರು ತುಂಬಿದ ಕೊಪ್ಪರಿಗೆ, ಅದರೊಳಗೆ ತಳಕ್ಕೆ ಸೂಜಿಯಷ್ಟು ತೂತಿರುವ ತಾಮ್ರದ ಬಟ್ಟಲು. ತೂತಿನಿಂದ ನೀರು ಏರಿ ಬಟ್ಟಲು ಮುಳುಗಿತೋ, ಒಬ್ಬರ ಗಳಿಗೆ ಮುಗಿಯಿತು. ನಾನು ಪಾಟಿ ನೋಡಿ ಮುಂದಿನ ಹೆಸರು ಕೂಗುತ್ತೇನೆ. ನಡೆಯುತ್ತಿದ್ದವರು ನಿಲ್ಲುತ್ತಾರೆ, ಕೂಗಿಸಿಕೊಂಡವರು ನಡೆಯುತ್ತಾರೆ. ನನ್ನ ಪಾಟಿಯಲ್ಲಿ ನಲವತ್ತೊಂದು ಹೆಸರು. ಏಳನೆಯ ಇಯತ್ತೆವರೆಗೆ ಓದಿದ್ದೆ, ಅಕ್ಷರ ದುಂಡಗಿದ್ದವು ಅಂತ ಹಿಂದಿನ ಗಳಿಗೆಯವನು ಸತ್ತಾಗ ನನ್ನನ್ನು ತಂದು ಇಲ್ಲಿ ಕೂರಿಸಿದರು. ಆಗ ನನಗೆ ಹದಿಮೂರು.

ನಿಲ್ಲದವರು ಅಂದರೆ ನಾವು ಐದೇ ಜನ. ನಾಲ್ಕು ಬೀದಿಯ ನಾಲ್ವರು ಗಳಿಗೆಯವರು, ಮತ್ತೆ ಲಗಮಣ್ಣ. ನಮ್ಮ ನಿದ್ದೆ ಒಂದು ಬಟ್ಟಲು ಮುಳುಗುವಷ್ಟು, ಅದೂ ಕೂತಲ್ಲೇ. ನಿಂತವರಿಗೆ ವಯಸ್ಸಾಗುವುದಿಲ್ಲ, ನಮಗೆ ಆಗುತ್ತದೆ. ನನ್ನ ಅಕ್ಕ ಮಾಣಿಕವ್ವ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ನನ್ನ ತಲೆ ಮುಕ್ಕಾಲು ನರೆತಿದೆ, ಅವಳಿಗೆ ಇನ್ನೂ ಹತ್ತೊಂಬತ್ತರ ಮೈ. ನಮ್ಮಿಬ್ಬರನ್ನೂ ಹೆತ್ತ ಅವ್ವ ಕಡೆಕಡೆಗೆ ನನ್ನ ವಾರಗೆಯವಳ ಹಾಗೆ ಕಾಣುತ್ತಿದ್ದಳು.

ಜನ ಇದಕ್ಕೆ ಹೊಂದಿಕೊಂಡು ಬದುಕುತ್ತಾರೆ. ಚಟ್ಟ ಹೊರುವುದಕ್ಕೆ ಬೀದಿಗೊಬ್ಬರಂತೆ ನಾಲ್ವರನ್ನು ಕರೆಯುತ್ತಾರೆ, ಏಕೆಂದರೆ ಒಂದೇ ಬೀದಿಯ ನಾಲ್ವರು ಒಟ್ಟಿಗೆ ಹೆಜ್ಜೆ ಇಡಲಾರರು. ಶಾಲೆಯಲ್ಲಿ ಮಾಸ್ತರು ಪ್ರಶ್ನೆ ಕೇಳಿ ನಿಂತರೆ ಮಕ್ಕಳು ತಮ್ಮ ತಮ್ಮ ಗಳಿಗೆಯಲ್ಲಿ ಉತ್ತರ ಹೇಳಿ ನಿಲ್ಲುತ್ತಾರೆ. ಬೈಸಿಕೊಳ್ಳುವುದು ಮುಂದಿನ ಸುತ್ತಿನಲ್ಲಿ. ನಾವಿದ ಕಲ್ಲಪ್ಪ ಒಮ್ಮೆ ದ್ಯಾಮಣ್ಣನ ಬಲಗೆನ್ನೆ ಬೋಳಿಸಿ ಕತ್ತಿಯನ್ನು ಗಂಟಲ ಹತ್ತಿರ ತಂದಾಗಲೇ ಅವನ ಗಳಿಗೆ ಮುಗಿಯಿತು. ಮುಂದಿನ ಗಳಿಗೆ ದ್ಯಾಮಣ್ಣನದೇ. ಕತ್ತಿಯ ಕೆಳಗಿನಿಂದ ಹಾವಿನ ಹಾಗೆ ಜಾರಿಕೊಂಡು, ಎಡಗೆನ್ನೆಯಲ್ಲಿ ಗಡ್ಡ ಹೊತ್ತುಕೊಂಡೇ ಓಡಿದ. ಹತ್ತು ಸುತ್ತು ಹಾಗೇ ತಿರುಗಿದ. "ಇನ್ನರ್ಧ ಯಾವಾಗಪಾ?" ಅಂದರೆ "ಅಂವನ ಗಳಿಗಿ ನನ್ನ ಗಂಟಲಾ ಎರಡೂ ಒಂದ ಕಡೆ ಕೂಡೂದು ಬ್ಯಾಡಬೇ" ಅನ್ನುತ್ತಿದ್ದ.

ನಾಲ್ಕು ಬೀದಿ ಕೂಡುವಲ್ಲಿ ಗೂಡಿನ ಗೋಡೆ ಇದೆ. ಊರಿನವರ ನೆನಪೆಲ್ಲ ಬಟ್ಟೆಯ ಗಂಟುಗಳಾಗಿ ಅದರ ಗೂಡುಗಳಲ್ಲಿ ಇರುತ್ತದೆ. ಯಾರಾದರೂ ಏನನ್ನಾದರೂ ನೆನೆಸಿಕೊಂಡರೆ ಆ ಗಂಟಿನ ಮೇಲಿನ ಧೂಳು ತಾನೇ ಉದುರುತ್ತದೆ. ಆದರೆ ಗೋಡೆಗೆ ಗೂಡು ಎಷ್ಟೋ ಅಷ್ಟೇ. ಹೊಸ ಗಂಟು ಬಂದರೆ ಹಳೆಯದೊಂದು ಇಳಿಯಬೇಕು. ಯಾವುದರ ಮೇಲೆ ಧೂಳು ದಪ್ಪಗೆ ಕೂತಿದೆಯೋ ಅದನ್ನು ಲಗಮಣ್ಣ ಹೊತ್ತು ಹಗೇವಿಗೆ ಇಳಿಸುತ್ತಾನೆ. ಹಗೇವು ಅಂದರೆ ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗಿನ ಗಾಳಿ ಕೆಟ್ಟದ್ದು. ಮೊದಲು ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಅಲ್ಲಿಂದ ಒಂದು ಗಂಟನ್ನು ಹುಡುಕಿ ತರಲು ಎಷ್ಟು ಹೊತ್ತಾಗುತ್ತದೆಂದು ಹೇಳಲು ಬರುವುದಿಲ್ಲ. ಅಲ್ಲಿಯವರೆಗೆ ಆ ಮನುಷ್ಯನಿಗೆ ಆ ನೆನಪಿಲ್ಲ.

ಗಳಿಗೆಯವರಲ್ಲಿ ಒಬ್ಬೊಬ್ಬರಿಗೂ ನಾಲ್ಕು ದೊಡ್ಡ ಗೂಡು. ಅವಕ್ಕೆ ಲಗಮಣ್ಣ ಕೈ ಹಚ್ಚುವಂತಿಲ್ಲ ಎಂಬುದು ಹಿಂದಿನಿಂದ ಬಂದ ಕಟ್ಟಳೆ. ನನ್ನ ಮೊದಲ ಗೂಡಿನಲ್ಲಿ ಅಕ್ಷರ ಮತ್ತು ಹೆಸರುಗಳ ಸಾಲು. ಎರಡನೆಯದರಲ್ಲಿ ಬಟ್ಟಲಿನ ಕೆಲಸ. ಮೂರನೆಯದರಲ್ಲಿ ಅವ್ವನ ಕಡೆಯ ಗಳಿಗೆ. ನಾಲ್ಕನೆಯದರಲ್ಲಿ ಮಾಣಿಕವ್ವ.

ಈಗ ಜಗಳದ ಮಾತು. ಪಾಟಿಯಲ್ಲಿ ಅವ್ವನ ಹೆಸರಾದ ಮೇಲೆ ಮಾಣಿಕವ್ವನದು. ಆ ದಿನ ನಾನು ಅವ್ವನ ಹೆಸರು ಕೂಗಿದೆ. ಅವಳು ಬಂದು ನನ್ನ ಕಟ್ಟೆಯ ಮೇಲೆ ಮಲಗಿದಳು. ಆ ಗಳಿಗೆಯಲ್ಲೇ ಹೋದಳು. ಬಟ್ಟಲು ಮುಳುಗಿತು, ಮಾಣಿಕವ್ವನನ್ನು ಕೂಗಿದೆ. ಅವಳು ಎದ್ದು ಬಂದು ನೋಡಿದರೆ ಅವ್ವನ ಕೈ ಇನ್ನೂ ಬೆಚ್ಚಗಿತ್ತು.

"ಜೀವ ಹೋಗಾಕತ್ತಿದ್ದು ನಿನಗ ಗೊತ್ತಾಗಲಿಲ್ಲೇನ?" ಅಂದಳು.

"ಗೊತ್ತಾತು."

"ಬಟ್ಟಲಾ ಬೆರಳ್ಲೆ ಒತ್ತಿದ್ರ ಆಕಿ ಗಳಿಗಿ ಅಲ್ಲೇ ನಿಲ್ತಿತ್ತು. ಉಸುರು ಹಿಡಕೊಂಡು ಹಂಗ ಇರ್ತಿದ್ಲು. ನಾ ಬಂದು ಜೀವಂತ ಮಾರಿ ನೋಡ್ತಿದ್ದೆ. ಒಂದು ಬೆರಳು, ದುಂಡಿ. ಒಂದು ಬೆರಳು ಒತ್ತಾಕ ಆಗಲಿಲ್ಲ ನಿನಗ?"

"ಮುಳುಗೂ ಮೊದಲ ಬಟ್ಟಲಾ ಮುಟ್ಟಂಗಿಲ್ಲ. ಇವತ್ತು ನಮ್ಮವ್ವ ಅಂತ ಮುಟ್ಟಿದ್ರ ನಾಳೆ ಎಲ್ಲಾರೂ ಬರ್ತಾರ, ನಮ್ಮವ್ವಗೂ ಒತ್ತು ಅಂತ."

"ನೀ ನಮ್ಮವ್ವನ ಹೊಟ್ಟ್ಯಾಗ ಹುಟ್ಟಿದಾಕಿ ಅಲ್ಲ. ಈ ಕೊಪ್ಪರಿಗ್ಯಾಗ ಹುಟ್ಟಿದಾಕಿ."

ಅಷ್ಟಕ್ಕೇ ಸುಮ್ಮನಿರಬೇಕಿತ್ತು ನಾನು. ಇರಲಿಲ್ಲ. "ಅವ್ವ ಹೋಗೂ ಮುಂದ ನಿನಗೊಂದು ಮಾತು ಹೇಳಿ ಹೋಗ್ಯಾಳ. ಕೇಳ್ಕೊಂಡು ಇಟ್ಕೊಂಡೀನಿ. ಹೇಳಂಗಿಲ್ಲ ಹೋಗ" ಅಂದುಬಿಟ್ಟೆ. ಅವಳ ಮುಖ ಹಾಲಿನ ಪಾತ್ರೆ ಮಗುಚಿದ ಹಾಗಾಯಿತು. ಅದನ್ನು ನೋಡಿ ನನಗೆ ಒಳಗೊಳಗೆ ಹಿತವಾಯಿತು. ಸುಳ್ಳೇಕೆ ಹೇಳಲಿ.

ಅವ್ವನನ್ನು ಮಣ್ಣು ಮಾಡಿದ ಮೇಲೂ ಮಾಣಿಕವ್ವ ಪ್ರತಿ ಸುತ್ತಿನಲ್ಲಿ ಕಟ್ಟೆಯ ಮುಂದೆ ಹಾದು ಬೈದು ಹೋಗುವಳು. ನಾಲ್ಕನೆಯ ಸುತ್ತಿನಲ್ಲಿ ಕೊಡ ತಗೊಂಡು ಬಾವಿಗೆ ಹೋದಳು. ನಮ್ಮ ಬೀದಿಗೆ ಒಂದೇ ಬಾವಿ, ಒಂದೇ ಹಗ್ಗ. ಹಗ್ಗಕ್ಕೆ ಕೈ ಹಾಕಿದವಳು ಅಲ್ಲಿಂದಲೇ ತಿರುಗಿ, "ಹೆಣಾ ಕಾಯೂ ಕೆಲಸಾ ನಿನಗ ಛೊಲೋ ಒಪ್ಪತೈತಿ" ಅಂದಳು. ಬಟ್ಟಲು ಮುಳುಗಿತು. ಅವಳು ಹಗ್ಗ ಹಿಡಿದುಕೊಂಡೇ, ನನ್ನ ಕಡೆ ತಿರುಗಿಕೊಂಡೇ ನಿಂತಳು. ಮುಂದಿನ ಸುತ್ತಿನಲ್ಲಿ ಅವಳ ಹೆಸರು ಬಂದಾಗ ನಾನು ಕೂಗಲಿಲ್ಲ. ಹೆಬ್ಬೆರಳಿನಿಂದ ಆ ಹೆಸರು ಮುಚ್ಚಿಕೊಂಡು ಅದರ ಕೆಳಗಿನದನ್ನು ಕೂಗಿದೆ. ಅದರ ಮುಂದಿನ ಸುತ್ತಿನಲ್ಲೂ ಹಾಗೇ.

ನಮ್ಮಲ್ಲಿ ಒಬ್ಬರು ಹಿಡಿದ ಹಗ್ಗವನ್ನು ಇನ್ನೊಬ್ಬರು ಬಿಡಿಸುವಂತಿಲ್ಲ. ಹಿಡಿದವರೇ ಬಿಡಬೇಕು. ಬಿಡಿಸಲು ಹೋದರೂ ಬಿಡುವುದಿಲ್ಲ. ನಿಂತವರ ಬೆರಳು ಕಲ್ಲಿನ ಹಾಗೆ. ನೀರಿಗೆ ಬಂದವರು ಕೊಡ ಕೆಳಗಿಟ್ಟು, ಅವಳ ಮುಂದೆ ತಮ್ಮ ಗಳಿಗೆ ಕಳೆದು, ಅಲ್ಲೇ ನಿಂತರು. ಅವರ ಹಿಂದೆ ಬಂದವರು ಅವರ ಹಿಂದೆ ನಿಂತರು. ಕೆಲವು ಸುತ್ತಿನಲ್ಲಿ ಬಾವಿಯಿಂದ ನನ್ನ ಕಟ್ಟೆಯವರೆಗೆ ಸಾಲಾಯಿತು. ಬೀದಿಯಲ್ಲಿ ಒಂದು ಒಲೆಯೂ ಉರಿಯಲಿಲ್ಲ. ನಾನು ಕೂಗಿದವರು ತಲೆ ಎತ್ತಿ, ಮುಂದಿನವರ ಬೆನ್ನು ನೋಡಿ, ಕಟ್ಟೆಯ ಕಡೆ ನೋಡಿ, ಒಂದೇ ಮಾತು ಅನ್ನುವರು: "ಮಾಣಿಕವ್ವನ್ನ ಕೂಗ."

"ಕೂಗಂಗಿಲ್ಲ."

ಉಳಿದವರೆಲ್ಲರ ಬಾಯಲ್ಲಿ, ಸುತ್ತು ಸುತ್ತಿಗೂ, ಅದೇ ಮಾತು ಕೇಳಿದೆ. ಕೇಳಿದಷ್ಟೂ ಹಟ ಹೆಚ್ಚಾಯಿತು. ಮೂರು ಮನೆಯವರು ಬೇಸತ್ತು ಪಡುವಣ ಬೀದಿಯ ಪಾಟಿಯಲ್ಲಿ ಹೆಸರು ಬರೆಸಿಕೊಂಡು ಹೋದರು. ಅಲ್ಲಿ ನೀರು ಸಿಕ್ಕಿತು. ಆದರೆ ಗೋಡೆಯ ಈ ಮಗ್ಗುಲಿನ ಗಂಟುಗಳು ಆ ಬೀದಿಗೆ ದೂರ. ಅತ್ತೆ ಸೊಸೆಯ ಹೆಸರಿಗೆ ತಡಕಾಡಿದಳು; ಒಬ್ಬ ತನ್ನ ಮನೆಯ ಬಾಗಿಲನ್ನು ಹೊರಗೆ ತೆಗೆಯಬೇಕೋ ಒಳಗೆ ತೆಗೆಯಬೇಕೋ ತಿಳಿಯದೆ ಒಂದು ಗಳಿಗೆ ಪೂರ್ತಿ ಹೊಸ್ತಿಲ ಮೇಲೆ ಕಳೆದನಂತೆ.

ಒಂದು ದಿನ ಲಗಮಣ್ಣ ಹೆಗಲ ಮೇಲೆ ಗಂಟುಗಳನ್ನು ಹೇರಿಕೊಂಡು ಕಟ್ಟೆಯ ಮುಂದೆ ಹೋಗುತ್ತಿದ್ದ. ಅವನಿಗೆ ಮಾತು ಕಡಿಮೆ. ಆ ದಿನ ತಾನೇ ನಿಂತ.

"ಯಾರ್ವು?" ಅಂದೆ.

"ನಿಮ್ಮ ಅಕ್ಕನವು. ಬಾಳ ಧೂಳಾಗಿದ್ವು."

"ಇಳಸು. ನನಗೇನ ಹೇಳ್ತಿ."

"ಹೇಳಾಕ ನಾ ಯಾರು? ಒಂದು ಮಾತು ಕೇಳ್ತೀನಿ, ತಂಗಿ. ಅವ್ವ ಸಾಯೂ ಮುಂದ ಕಟ್ಟಳೆ ಮುರಿಯಂಗಿಲ್ಲ ಅಂದಿ. ಈಗ ದಿನಾ ಒಂದು ಹೆಸರ ನುಂಗಾಕತ್ತಿ. ತಾಯಿ ಸಲುವಾಗಿ ಮುರೀಲಿಲ್ಲ, ಸಿಟ್ಟಿನ ಸಲುವಾಗಿ ಮುರದಿ. ಹೌದಿಲ್ಲ?"

"ನಿನ್ನ ಕೆಲಸಾ ನೋಡಕೋ ಹೋಗ" ಅಂದೆ. ಅವನು ಹೋದ. ನನ್ನ ಕಿವಿ ಬಿಸಿಯಾಗಿತ್ತು.

ನೀರಿಲ್ಲದ ಬೀದಿಯಲ್ಲಿ ನನ್ನ ಕೊಪ್ಪರಿಗೆಗೂ ನೀರಿಲ್ಲ ಎಂಬುದು ನನಗೆ ಹೊಳೆದದ್ದು ತಡವಾಗಿ. ಬಿಸಿಲಿಗೆ ದಿನವೂ ಒಂದು ಬೆರಳು ಇಳಿಯುತ್ತಿತ್ತು. ಕಡೆಗೆ ಒಂದು ದಿನ ಕಲ್ಲಪ್ಪನ ಹೆಸರು ಕೂಗಿ ಬಟ್ಟಲು ಬಿಟ್ಟರೆ ಅದು ತೇಲಲೇ ಇಲ್ಲ. ತಳಕ್ಕೆ ತಾಗಿ ಕೂತಿತು. ಅಂಚು ನೀರಿನ ಮೇಲೇ ಉಳಿಯಿತು. ಮುಳುಗದ ಬಟ್ಟಲು, ಮುಗಿಯದ ಗಳಿಗೆ.

ಕಲ್ಲಪ್ಪ ಮೊದಮೊದಲು ಖುಷಿಯಾದ. ಕಂಡಕಂಡವರ ಗಡ್ಡ ಒಣಗತ್ತಿಯಲ್ಲೇ ಕೆರೆದ. ದ್ಯಾಮಣ್ಣನ ಎಡಗೆನ್ನೆ ಕೊನೆಗೂ ಸಿಕ್ಕಿತು. ಅದಾದ ಮೇಲೆ ಅವನ ಮೀಸೆ, ಅದಾದ ಮೇಲೆ ಅವನ ತಲೆ. ಸಾಲಿನಲ್ಲಿ ನಿಂತ ಗಂಡಸರೆಲ್ಲ ನುಣ್ಣಗಾದರು. ಆಮೇಲೆ ಬೋಳಿಸಲು ಯಾರೂ ಉಳಿಯಲಿಲ್ಲ. ಅಷ್ಟು ಉದ್ದದ ಗಳಿಗೆಯನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡವರಲ್ಲ. ಅವನು ನಿಂತವರ ನಡುವೆ ಹೋಗಿ ಒಬ್ಬೊಬ್ಬರ ಕಣ್ಣಿನ ಮುಂದೆ ಕೈಯಾಡಿಸಿ ನೋಡಿದ. ಕಟ್ಟೆಗೆ ಬಂದು ಕೂತ.

"ದುಂಡವ್ವಾ, ನಂದು ಇನ್ನೂ ಮುಗಿದಿಲ್ಲೇನ?"

"ಇಲ್ಲ."

"ನನಗ ಹಸಿವ್ಯಾಗೈತಿ, ನಿದ್ದಿ ಬರಾಕತ್ತೈತಿ. ಮಲಗಿದ್ರ ಇಡೀ ಬೀದ್ಯಾಗ ಎಚ್ಚರ ಇದ್ದವರು ಯಾರೂ ಇರಂಗಿಲ್ಲ. ಅಂಜಿಕಿ ಆಗತೈತಿ, ಅವ್ವಾ. ನನ್ನ ನಿಲ್ಲಸು." ಅಳುತ್ತಿದ್ದ. ಅಷ್ಟು ತಲೆ ಬೋಳಿಸಿದ ಗಂಡಸು, ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು.

ನೋಡಿದೆ. ಬೀದಿ ತುಂಬ ನಿಂತ ಮೈಗಳು. ಒಬ್ಬೊಬ್ಬರ ಹೆಗಲ ಮೇಲೂ ಧೂಳು. ಸಾಲಿನ ತುದಿಯಲ್ಲಿ ಹಗ್ಗ ಹಿಡಿದವಳು. ಅವಳ ಮೊಣಕೈಗೂ ಬಾವಿಯ ಕಂಬಕ್ಕೂ ನಡುವೆ ಜೇಡ ಬಲೆ ನೇಯ್ದಿತ್ತು. ಮುಖ ಮಾತ್ರ ನನ್ನ ಕಡೆಯೇ. ನಾನು ಬಟ್ಟಲಿನ ಅಂಚಿಗೆ ಒಂದು ಬೆರಳು ಇಟ್ಟು ಒತ್ತಿದೆ. ಅದು ಪಕ್ಕಕ್ಕೆ ವಾಲಿ ಇದ್ದ ನೀರಿನಲ್ಲೇ ಮಗುಚಿಕೊಂಡಿತು. ಅಷ್ಟು ಸಲೀಸಿತ್ತು ಅದು. ಕಲ್ಲಪ್ಪನ ಅಳು ಅರ್ಧಕ್ಕೆ ನಿಂತಿತು.

"ಮಾಣಿಕವ್ವಾ" ಅಂತ ಕೂಗಿದೆ.

ಬಲೆ ಹರಿಯಿತು. ಅವಳು ಕಣ್ಣು ಪಿಳುಕಿಸಿದಳು. ಬಾವಿ ನೋಡಿದಳು, ಕೈ ನೋಡಿಕೊಂಡಳು. ಹಗ್ಗವನ್ನು ಇನ್ನೂ ಗಟ್ಟಿಯಾಗಿ ಅವಚಿಕೊಂಡಳು.

"ಬಿಡು ಅಕ್ಕಾ. ನೀರು ಸೇದಿ ಬಿಡು."

"ಯಾರ ನೀವು? ಇದೇನ ನನ್ನ ಕೈಯಾಗ?" ಅಂದಳು. ಬಹುವಚನ ಹಚ್ಚಿ ಮಾತಾಡಿಸಿದಳು ನನ್ನನ್ನು. ಅವಳ ಬಾಯಿಂದ ಬೈಗುಳ ಬಂದಿದ್ದರೆ ಸಾಕಾಗಿತ್ತು.

ಗೋಡೆಯ ಹತ್ತಿರ ಓಡಿದೆ. "ಆಕಿವು ಮ್ಯಾಲ ತಾ" ಅಂದೆ ಲಗಮಣ್ಣನಿಗೆ.

"ಎಲ್ಲಿಡ್ಲಿ? ಒಂದು ಗೂಡು ಖಾಲಿ ಇಲ್ಲ. ತೂಕಕ್ಕ ತೂಕ ಒಂದು ಇಳೀಬೇಕು. ಯಾರ್ದು ಇಳಸ್ಲಿ, ಹೇಳು. ದ್ಯಾಮಣ್ಣಂದ?"

"ಅವರಿವರದು ಯಾಕ? ತಪ್ಪು ನಂದು. ನಂದ ಇಳಸು."

"ಗಳಿಗೆಯವರ್ದು ಇಳಸಿದ್ದಿಲ್ಲ ಎಂದೂ."

"ಇವತ್ತು ಇಳಸು ಅಂತೀನಲ್ಲ."

"ನಾಲ್ಕರಾಗ ಯಾವುದು?"

ನನ್ನ ಕಣ್ಣು ಬಾವಿಯ ಕಡೆ ಇತ್ತು. ಅಲ್ಲಿ ಅವಳು ಹಗ್ಗ ಅವಚಿಕೊಂಡು, ಸುತ್ತ ನಿಂತವರನ್ನು ನೋಡಿ ಹೆದರಿ, ಕುಕ್ಕರಗಾಲಿನಲ್ಲಿ ಕೂತುಬಿಟ್ಟಿದ್ದಳು. "ಯಾವುದರ ಮ್ಯಾಲ ಧೂಳ ಐತಿ ಅದನ್ನ ತಗೋ. ಲಗೂ ಮಾಡು" ಅಂದೆ.

ಲಗಮಣ್ಣ ನಾಲ್ಕೂ ಗಂಟು ತಡವಿ ನೋಡಿದ. ಹೆಸರು ದಿನವೂ ಕೂಗುತ್ತೇನೆ, ಅದರ ಮೇಲೆ ಧೂಳಿಲ್ಲ. ಬಟ್ಟಲು ದಿನವೂ ಬಿಡುತ್ತೇನೆ, ಅದರ ಮೇಲೂ ಇಲ್ಲ. ಮಾಣಿಕವ್ವನನ್ನು ಗಳಿಗೆಗೊಮ್ಮೆ ಮನಸ್ಸಿನಲ್ಲೇ ಬೈಯುತ್ತಿದ್ದೆ. ಅದು ಒರೆಸಿಟ್ಟ ಹಾಗೆ ಹೊಳೆಯುತ್ತಿತ್ತು. ಅವ್ವನ ಕಡೆಯ ಗಳಿಗೆಯ ಮೇಲೆ ಮಾತ್ರ ಬೆರಳು ಹುಗಿಯುವಷ್ಟು ಧೂಳು. ನೆನೆಸಿದರೆ ಅವಳ ಮಾತನ್ನು ಅಕ್ಕನಿಗೆ ಹೇಳಬೇಕಾಗುತ್ತದೆ ಅಂತ ನಾನು ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಲಗಮಣ್ಣ ಅದನ್ನು ಹೆಗಲಿಗೇರಿಸಿದ.

ಎಷ್ಟು ಹೊತ್ತಾಯಿತೋ. ಅಳೆಯಲು ನೀರಿರಲಿಲ್ಲ. ಅವಳ ಗಂಟುಗಳು ಗೂಡಿಗೆ ಬಂದ ಕೂಡಲೇ ಬಾವಿಯ ಹತ್ತಿರ ಅವಳು ಎದ್ದು ನಿಂತಳು. ಕೊಡ ಇಳಿಬಿಟ್ಟು ನೀರು ಸೇದಿದಳು. ಹಗ್ಗ ಬಿಟ್ಟಳು. ಮೊದಲ ಕೊಡವನ್ನು ಮನೆಗೆ ಒಯ್ಯಲಿಲ್ಲ; ನೇರ ಕಟ್ಟೆಗೆ ಬಂದು ನನ್ನ ಕೊಪ್ಪರಿಗೆಗೆ ಸುರಿದಳು. ನಾನು ಬಟ್ಟಲು ಎತ್ತಿ ತೇಲಿಬಿಟ್ಟೆ. ಅವಳು ನನ್ನ ಮುಖ ನೋಡಿದಳು. ಬೈಯಲಿಲ್ಲ.

"ಬಾಳ ನಿಂತಿದ್ದೆ ಕಾಣತೈತಿ. ನಿನ್ನ ತಲಿ ಮತ್ತಷ್ಟು ಬೆಳ್ಳಗಾಗೈತಿ" ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ದುಂಡೀ, ಆದದ್ದು ಆತು. ಅವ್ವ ಏನಂದ್ಲು? ಅಷ್ಟು ಹೇಳಿಬಿಡು. ಮತ್ತೇನೂ ಕೇಳಂಗಿಲ್ಲ ನಿನ್ನ."

ಹೇಳಬೇಕೆಂದು ಬಾಯಿ ತೆರೆದೆ. ದೇವರಾಣೆ, ಹೇಳಬೇಕೆಂದೇ ತೆರೆದೆ. ಒಳಗೆ ಏನೂ ಇರಲಿಲ್ಲ. ಅವ್ವ ಕಟ್ಟೆಗೆ ಬಂದು ಮಲಗಿದ್ದು ಗೊತ್ತು, ಆಮೇಲೆ ಮಾಣಿಕವ್ವನನ್ನು ಕೂಗಿದ್ದು ಗೊತ್ತು. ನಡುವೆ ಖಾಲಿ ಗೂಡು.

"ನನಗ ನೆನಪಿಲ್ಲ ಅಕ್ಕಾ."

ಅವಳು ಖಾಲಿ ಕೊಡ ಎತ್ತಿಕೊಂಡಳು. "ಇನ್ನೂ ಸಿಟ್ಟು ಇಳಿದಿಲ್ಲ ನಿಂದು" ಅಂದಳು. ಬಟ್ಟಲು ಮುಳುಗಿತು.

ಅಲ್ಲಿಂದ ಸುತ್ತಿಗೊಮ್ಮೆ ಅವಳು ಬಾವಿಗೆ ಹೋಗುತ್ತಾಳೆ, ಒಂದು ಕೊಡ ಸೇದುತ್ತಾಳೆ, ಹಗ್ಗ ಬಿಟ್ಟು ಅದರ ಪಕ್ಕದಲ್ಲೇ ನಿಂತು ಕೇಳುತ್ತಾಳೆ. ಅವ್ವ ಏನಂದಳು. ನನಗೆ ಗೊತ್ತಿಲ್ಲ ಅಂದರೆ ನಂಬುವುದಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ನಾನೇ ಅಂದ ಮಾತಲ್ಲವೇ, ಇಟ್ಟುಕೊಂಡಿದ್ದೇನೆ, ಹೇಳುವುದಿಲ್ಲ ಅಂತ.

ನಿನ್ನೆ ಲಗಮಣ್ಣನ ಹತ್ತಿರ ಹೋಗಿ, ಅವ್ವನದು ಮೇಲೆ ತಾ ಅಂದೆ. ತೂಕಕ್ಕೆ ತೂಕ ಅಂದ. ನನ್ನ ಹತ್ತಿರ ಉಳಿದಿರುವುದು ಮೂರು. ಹೆಸರು ಇಳಿಸಿದರೆ, ಬಟ್ಟಲು ಇಳಿಸಿದರೆ, ಬೀದಿ ಇದ್ದಲ್ಲೇ ನಿಲ್ಲುತ್ತದೆ. ಉಳಿದದ್ದು ಮಾಣಿಕವ್ವನ ಗಂಟೊಂದೇ.

"ಮಾತು ತಿಳಿತೈತಿ, ಯಾರಿಗೆ ಹೇಳಾಕತ್ತೀನಿ ಅಂತ ತಿಳಿಯಂಗಿಲ್ಲ ನಿನಗ. ನೋಡಕೋ" ಅಂದ.

"ಆಕಿಗೆ ತಿಳಿತೈತಲ್ಲ, ಸಾಕು."

ಅವನು ಹಗೇವಿನಲ್ಲಿ ದೀಪ ಇಳಿಬಿಟ್ಟದ್ದನ್ನು ನೋಡಿಯೇ ನಾನು ಕಟ್ಟೆಗೆ ಬಂದದ್ದು. ದೀಪ ಉರಿಯುತ್ತಿತ್ತು. ಅವ್ವನ ಗಂಟು ಮೇಲೆ ಬಂದೊಡನೆ ಅಕ್ಕನದು ಗೂಡಿನಿಂದ ಇಳಿಯುತ್ತದೆ. ಪಾಟಿಯ ಕೆಳಗಿನ ಮೂಲೆಯಲ್ಲಿ ನನಗೇ ಎರಡು ಸಾಲು ಬರೆದಿಟ್ಟಿದ್ದೇನೆ. ಅದರಲ್ಲಿ ಹಿಡಿಯದ್ದನ್ನು ನಿಮಗೆ ಹೇಳುತ್ತೇನೆ. ಮಾಣಿಕವ್ವ ಐದು ವರ್ಷದವಳಿದ್ದಾಗ ನನಗೆ ತೊಟ್ಟಿಲು ಕಟ್ಟಿದ್ದಳಂತೆ; ನಾನು ಅಕ್ಷರ ಕಲಿತದ್ದು ಅವಳ ಪಾಟಿಯಲ್ಲಿ, ಈ ಪಾಟಿಯೇ ಅದು; ಎಡಗೈ ರೂಢಿ ಅವಳಿಗೆ, ಕೊಡ ಎಡಕ್ಕೇ ಇಡುತ್ತಾಳೆ. ಇವನ್ನೆಲ್ಲ… 

ಬಟ್ಟಲು ಮುಳುಗಿದೆ. ಯಾರ ಹೆಸರು ಬಂತು? ಮಾಣಿಕವ್ವ. ಕೂಗಿದೆ.

ಬಾವಿಯ ಹತ್ತಿರ ಒಬ್ಬ ಹುಡುಗಿ ತಲೆ ಎತ್ತಿದಳು. ಪಾಟಿಯ ಮೂಲೆಯಲ್ಲಿ ಏನೋ ಬರೆದಿದೆ. "ಹಗ್ಗದ ಹತ್ತಿರ ನಿಂತವಳು ನಿನ್ನ ಅಕ್ಕ. ಅವ್ವನ ಮಾತು ಕೇಳುತ್ತಾಳೆ. ಸಿಟ್ಟಾಗಬೇಡ. ಹೇಳು." ಅಕ್ಷರ ನನ್ನ ಅಕ್ಷರದ ಹಾಗೇ ಇದೆ. ಆದರೆ ಇಪ್ಪತ್ತು ತುಂಬದ ಹುಡುಗಿ ನನಗೆ ಅಕ್ಕ ಹೇಗಾದಾಳು? ತಪ್ಪು ಬರೆದಿದ್ದಾರೆ. ಹೆಬ್ಬೆರಳು ಒದ್ದೆ ಮಾಡಿಕೊಂಡು ಅಕ್ಕ ಎಂಬ ಆ ಒಂದು ಮಾತನ್ನು ಒರೆಸಿದೆ.

ಹುಡುಗಿ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಕಟ್ಟೆಗೆ ಬಂದಳು. "ದುಂಡೀ, ಅವ್ವ ಏನಂದ್ಲು?" ಅಂದಳು. ನರೆತ ತಲೆಯವಳನ್ನು ದುಂಡಿ ಅನ್ನುತ್ತಾಳೆ! ನನಗೆ ಸಿಟ್ಟು ಏರಿತು. ಪಾಟಿಯಲ್ಲಿ ಸಿಟ್ಟಾಗಬೇಡ ಅಂತ ಇತ್ತು. ತಡೆದುಕೊಂಡೆ.

ಅವ್ವ ಅಂದದ್ದು ನನಗೆ ಚೆನ್ನಾಗಿ ನೆನಪಿದೆ. ಇದೇ ಕಟ್ಟೆಯ ಮೇಲೆ ಮಲಗಿ, ನನ್ನ ಕೈ ಹಿಡಿದುಕೊಂಡು ಹೇಳಿದ್ದು. ಅವಳು ಅಂದ ಹಾಗೇ ಹೇಳಿದೆ: "ನಾ ನಡಿಯೂ ಮುಂದ ಮಾಣಿಕಿ ನಿಂತಿರ್ತಾಳ. ಆಕಿ ನಡಿಯೂ ಮುಂದ ನಾ ನಿಂತಿರ್ತೀನಿ. ಆಕಿ ನಡಿಗಿ ನಾ ಒಂದ ಸಲನೂ ನೋಡಲಿಲ್ಲ. ನೀ ದಿನಾ ನೋಡ್ತಿ. ನಿನ್ನ ಕಣ್ಣೀಲೆ ನೋಡಿ ನನ್ನ ಹೆಸರ್ಲೆ ಆಕಿಗೆ ಹೇಳು, ನಿನ್ನ ನಡಿಗಿ ಚಂದ ಐತಿ ಅಂತ."

ಹುಡುಗಿ ಕೊಡ ಕೆಳಗಿಟ್ಟು ಅತ್ತಳು. ನನ್ನ ಕೈ ಹಿಡಿಯಲು ಬಂದಳು, ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಬಟ್ಟಲು ಕಾಯುವವಳು ನಾನು. ಅವಳು ಕಣ್ಣು ಒರೆಸಿಕೊಂಡು ಕೊಡ ಎತ್ತಿ ಎಡಕ್ಕೆ ಇಟ್ಟುಕೊಂಡಳು, ನಿಂತವರ ನಡುವೆ ದಾರಿ ಮಾಡಿಕೊಂಡು ಹೋದಳು. ಬಟ್ಟಲು ಮುಳುಗುವವರೆಗೆ ನೋಡುತ್ತ ಕೂತೆ. ನಡಿಗೆ ಚಂದ ಇದೆ. ಯಾರ ಮಗಳೋ.